ಹಿಂದಿನ ಸೀಟಿನಲ್ಲಿ ಕೂತವರ ಇನ್ಶೂರೆನ್ಸ್

ವರ್ಷಕ್ಕೊಮ್ಮೆ ನಮ್ಮ ಮನೆಯಲ್ಲಿ ಒಂದೇ ಥರದ ಮಾತು ನಡೆಯುತ್ತದೆ. ಕಾರಿನ ಇನ್ಶೂರೆನ್ಸ್ ಮುಗಿಯುವ ಹೊತ್ತಿಗೆ ಫೋನಿನ ಮೇಲೆ ಫೋನು, ಮೆಸೇಜಿನ ಮೇಲೆ ಮೆಸೇಜು. ನಮ್ಮೆಜಮಾನರು ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತು, ಬೇರೆ ಬೇರೆ ಕಂಪನಿಗಳ ದರ ಅಕ್ಕಪಕ್ಕ ಇಟ್ಟು ನೋಡುತ್ತಾರೆ. "ಹೋದ ಸಲಕ್ಕಿಂತ ಎಂಟುನೂರು ಕಮ್ಮಿ ಆಗ್ತಿದೆ ನೋಡು" ಎನ್ನುತ್ತಾರೆ. ದುಡ್ಡು ಕಟ್ಟಿದ ಮೇಲೆ ಪಿಡಿಎಫ್ ಇಬ್ಬರ ಫೋನಿಗೂ ಬರುತ್ತದೆ. ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರೆ ತೋರಿಸಲು ಒಂದು ಕಾಗದ ಇದ್ದರಾಯಿತು, ಅಷ್ಟೇ. ಬಹಳಷ್ಟು ಮನೆಗಳಲ್ಲಿ ಇದು ಹೀಗೇ ಮುಗಿಯುತ್ತದೆ. ಎಷ್ಟಾಯಿತು ಎಂದು ಎಲ್ಲರೂ ಕೇಳುತ್ತಾರೆ. ಯಾರಿಗೆ ಏನಾದರೆ ಎಷ್ಟು ಸಿಗುತ್ತದೆ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಕಡೆಯ ಕುಟುಂಬಗಳಲ್ಲಿ ಕಾರು ಒಬ್ಬರ ಹೆಸರಲ್ಲಿ ಇರುತ್ತದೆ, ಓಡಿಸುವವರು ಇನ್ನೊಬ್ಬರು, ಕೂರುವುದು ಇಡೀ ಮನೆ. ಮದುವೆ, ಗೃಹಪ್ರವೇಶ, ಧರ್ಮಸ್ಥಳ ಎಂದರೆ ಅತ್ತೆ, ಮಾವ, ನಾದಿನಿ ಮಕ್ಕಳು ಎಲ್ಲ ಒತ್ತಿಕೊಂಡು ಕೂರುತ್ತಾರೆ. ಈ ಅಷ್ಟೂ ಜನರ ಬಗ್ಗೆ ಆ ಪಿಡಿಎಫ್ ಏನು ಹೇಳುತ್ತದೆ? ಕೆಲವು ವರ್ಷದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾರಿಗೆ ಏನಾದರೆ ಎಷ್ಟು ಬರುತ್ತದೆ ಎಂಬ ಲೆಕ್ಕ ನಮಗೆ ಒಂದು ಮಟ್ಟಿಗೆ ಗೊತ್ತು. ಕಾರಿನೊಳಗೆ ಇರುವವರ ಲೆಕ್ಕ ಗೊತ್ತಾಗುವುದು ಆಸ್ಪತ್ರೆಯಲ್ಲಿ, ಇಲ್ಲವೇ ಲಾಯರ್ ಮುಂದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಬಂಪರಿನ ಲೆಕ್ಕ

ಕಾರಿನ ಲೆಕ್ಕವನ್ನೇ ಮೊದಲು ಹೇಳಿಬಿಡುತ್ತೇನೆ. ನೆಲಮಂಗಲದ ಹತ್ತಿರ ಮುಂದಿನ ಟೆಂಪೋ ಗಕ್ಕನೆ ನಿಂತು, ನಮ್ಮ ಕಾರಿನ ಮುಂಭಾಗ ಜಜ್ಜಿಹೋಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಹಾನಿ ಎಷ್ಟೆಂದು ಅಳೆಯಲು ಸರ್ವಿಸ್ ಸೆಂಟರಿಗೆ ಬಂದ ಸರ್ವೇಯರ್ ಮಧ್ಯವಯಸ್ಸಿನವರು, ಮಾತು ಕಮ್ಮಿ. ಮೊದಲು ಚಾಸಿ ನಂಬರಿನ ಫೋಟೋ ತೆಗೆದರು, ಆಮೇಲೆ ಓಡೋಮೀಟರ್, ಆಮೇಲೆ ಬಂಪರ್. ಎಡಗಡೆ ಬಾಗಿಲ ಮೇಲಿನ ಒಂದು ಗೀರಿನ ಮೇಲೆ ಉಗುರು ಎಳೆದು ನೋಡಿ, "ಮೇಡಂ, ಇದರಲ್ಲಿ ಆಗ್ಲೇ ಧೂಳು ಕೂತಿದೆ. ಇದು ಈ ಆಕ್ಸಿಡೆಂಟಿಂದಲ್ಲ" ಎಂದರು. ಅದು ಪಾರ್ಕಿಂಗಿನಲ್ಲಿ ಯಾರೋ ಯಾವಾಗಲೋ ಮಾಡಿದ ಗೀರು. ಅವರು ಹೇಳಿದ್ದು ಸರಿಯಾಗಿತ್ತು.

ಪಕ್ಕದಲ್ಲಿ ನಿಂತಿದ್ದವರೊಬ್ಬರು ತಮ್ಮ ಬಿಲ್ ಹಿಡಿದು ಜಗಳಕ್ಕೆ ನಿಂತಿದ್ದರು. "ಫುಲ್ ಇನ್ಶೂರೆನ್ಸ್ ಕಟ್ಟಿದ್ದೀನಿ, ಕೈಯಿಂದ ಯಾಕ್ರೀ ಕೊಡ್ಬೇಕು?" ಎಂದು. ಪಾಪ, ಅವರ ಸಿಟ್ಟು ನ್ಯಾಯವಾದದ್ದೇ. ಪಾಲಿಸಿ ಮಾರುವಾಗ ಯಾರೂ ಅವರಿಗೆ ಇದನ್ನು ಬಿಡಿಸಿ ಹೇಳಿರಲಿಲ್ಲ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ ಅಂದರೆ ಕಂಪನಿ ಅರ್ಧ ಬೆಲೆ ಮಾತ್ರ ಕೊಡುತ್ತದೆ. ಗಾಜಿಗೆ ಪೂರ್ತಿ. ತಗಡಿನ ಭಾಗಕ್ಕೆ ಕಾರಿನ ವಯಸ್ಸು ನೋಡುತ್ತಾರೆ. ಮೂರು ವರ್ಷ ದಾಟಿ ನಾಲ್ಕರೊಳಗಿದ್ದರೆ 25% ಕಳೆಯುತ್ತಾರೆ. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗ ಬಣ್ಣದ ಖರ್ಚು ಎಂದು ಹಿಡಿದು, ಅದರಲ್ಲಿ ಅರ್ಧ ಬಿಡುತ್ತಾರೆ. ಉದಾಹರಣೆಗೆ ಬಂಪರ್ 9,000, ಹೆಡ್‌ಲೈಟ್ 8,000, ಬಾನೆಟ್ 12,000, ಪೇಂಟಿಂಗ್ 10,000, ಕೂಲಿ 4,000 ಅಂದುಕೊಳ್ಳಿ. ಒಟ್ಟು 43,000. ಅಂಥ ಕಾರಿಗೆ ಕಂಪನಿ ಕೊಡುವುದು 4,500, 4,000, 9,000, 8,750, 4,000. ಅದರಲ್ಲಿ ಕಡ್ಡಾಯವಾಗಿ ನಾವೇ ಹೊರಬೇಕಾದ 1,000 ಕಳೆದರೆ 29,250. ಉಳಿದ 13,750 ನಮ್ಮ ಜೇಬಿನಿಂದ. ಇದು ಬೇಡ ಅಂತಲೇ ಜನ ಜಾಸ್ತಿ ದುಡ್ಡು ಕೊಟ್ಟು ಜೀರೋ ಡೆಪ್, ಅಂದರೆ ಹೀಗೆ ಸವಕಳಿ ಕಳೆಯದ ಕವರ್, ತೆಗೆದುಕೊಳ್ಳುವುದು. ಹೊಸ ಕಾರಿಗೆ ಅದು ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ.

ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡುವ ಮುಂಚೆ ಎನ್‌ಸಿಬಿ, ಅಂದರೆ ನೋ ಕ್ಲೇಮ್ ಬೋನಸ್, ನೋಡಿಕೊಳ್ಳಬೇಕು. ಕ್ಲೇಮ್ ಇಲ್ಲದ ಪ್ರತಿ ವರ್ಷಕ್ಕೂ ರಿಯಾಯಿತಿ 20, 25, 35, 45, ಕೊನೆಗೆ 50 ಪರ್ಸೆಂಟ್ ತನಕ ಏರುತ್ತದೆ. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆ. ಸ್ವಂತ ಕಾರಿನ ಹಾನಿಗೆ ಕಟ್ಟುವ ಪ್ರೀಮಿಯಂ ರಿಯಾಯಿತಿಗೆ ಮುಂಚೆ 12,000 ಎಂದು ಹಿಡಿದರೆ, 50%ನಲ್ಲಿದ್ದವರು ಮತ್ತೆ ಅಲ್ಲಿಗೆ ಏರುವಷ್ಟರಲ್ಲಿ ಹೆಚ್ಚುಕಮ್ಮಿ 15,000 ಕಳೆದುಕೊಂಡಿರುತ್ತಾರೆ. ಹಾಗಾಗಿ ನಾಲ್ಕೈದು ಸಾವಿರದ ಕೆಲಸಕ್ಕೆ ಕ್ಲೇಮ್ ಬೇಡ. ಇನ್ನೊಂದು ವಿಷಯ, ಎನ್‌ಸಿಬಿ ಕಾರಿನದ್ದಲ್ಲ, ಮಾಲೀಕರದ್ದು. ಕಾರು ಮಾರಿದರೂ ಸರ್ಟಿಫಿಕೇಟ್ ತೆಗೆದಿಟ್ಟುಕೊಂಡು ಮುಂದಿನ ಕಾರಿಗೆ ಬಳಸಬಹುದು. ಆದರೆ ಪಾಲಿಸಿ ಮುಗಿದು 90 ದಿನ ಸುಮ್ನೆ ಬಿಟ್ಟರೆ ಅಷ್ಟೂ ಹೋಗುತ್ತದೆ.

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿದಾಗ ಬಹಳ ಜನ ಇನ್ನೊಂದು ಪಾಠ ಕಲಿತರು. ನೆರೆಯಿಂದ ಕಾರು ಹಾಳಾದರೆ ಪ್ಯಾಕೇಜ್ ಪಾಲಿಸಿ, ಅಂದರೆ ಜನ ಫುಲ್ ಇನ್ಶೂರೆನ್ಸ್ ಎನ್ನುವುದು, ಕೊಡುತ್ತದೆ. ನೀರು ಕುಡಿದ ಕಾರನ್ನು ನಾವೇ ಸ್ಟಾರ್ಟ್ ಮಾಡಿ ಇಂಜಿನ್ ಹೋದರೆ, ಅದು ನೀವೇ ಮಾಡಿಕೊಂಡದ್ದು ಎನ್ನುತ್ತಾರೆ. ಇಂಜಿನ್ ಪ್ರೊಟೆಕ್ಟ್ ಎಂಬ ಬೇರೆ ಸೇರ್ಪಡೆ ಇದ್ದರೆ ಮಾತ್ರ ಅದು ಸಿಗುತ್ತದೆ. ಮುಳುಗಿದ ಕಾರಿನ ಕೀ ಮುಟ್ಟಬೇಡಿ, ಟೋ ಮಾಡಿಸಿ.

ಇಷ್ಟೆಲ್ಲ ಕಾರಿನ ಮಾತಾಯಿತು. ಇದನ್ನು ಕಲಿಯುವುದು ಕಷ್ಟವಲ್ಲ, ತಪ್ಪಿದರೂ ಹೋಗುವುದು ಸಾವಿರಗಳಲ್ಲಿ.

ಚಿಕ್ಕಮ್ಮನ ಕಾಲು

ಕೋವಿಡ್‌ಗೆ ಮುಂಚಿನ ಮಾತು. ನನ್ನ ಚಿಕ್ಕಮ್ಮ, ಅವರ ಮಗ ಮಂಜು, ಸೊಸೆ, ಮೊಮ್ಮಗು ಬೀರೂರಿನ ಕಡೆ ಒಂದು ನಾಮಕರಣ ಮುಗಿಸಿಕೊಂಡು ರಾತ್ರಿ ವಾಪಸ್ ಬರುತ್ತಿದ್ದರು. ಕಡೂರು ದಾಟಿದ ಮೇಲೆ ರಸ್ತೆಗೆ ದನ ಅಡ್ಡ ಬಂತು. ಮಂಜು ಎಡಕ್ಕೆ ಎಳೆದ. ಕಾರು ರಸ್ತೆಯಿಂದ ಇಳಿದು ತೆಂಗಿನ ತೋಟದ ಬದುವಿಗೆ ಗುದ್ದಿತು. ಮುಂದೆ ಕೂತ ಇಬ್ಬರಿಗೂ ತರಚು ಗಾಯ. ಹಿಂದೆ ಮಗುವನ್ನು ತೊಡೆ ಮೇಲೆ ಹಾಕಿಕೊಂಡಿದ್ದ ಚಿಕ್ಕಮ್ಮ ಎರಡೂ ಕೈಯಲ್ಲಿ ಮಗುವನ್ನೇ ತಬ್ಬಿಕೊಂಡರಂತೆ. ಮಗುವಿಗೆ ಏನೂ ಆಗಲಿಲ್ಲ. ಅವರ ತೊಡೆಮೂಳೆ ಮುರಿಯಿತು. ಹಾಸನದಲ್ಲಿ ಆಪರೇಷನ್, ರಾಡು, ಆಮೇಲೆ ತಿಂಗಳುಗಟ್ಟಲೆ ವಾಕರ್. ಹೊಲಿಗೆ ಮೆಷಿನ್ ತುಳಿದು ತಮ್ಮ ಖರ್ಚಿಗೆ ತಾವೇ ದುಡಿಯುತ್ತಿದ್ದವರು ಅವರು. ಮೆಷಿನ್ ಮೂಲೆ ಸೇರಿತು.

ಕಾರು ಹಳೆಯದು, ಹತ್ತು ವರ್ಷ ದಾಟಿತ್ತು. "ಹಳೇ ಗಾಡಿಗೆ ಫುಲ್ ಇನ್ಶೂರೆನ್ಸ್ ದಂಡ, ಥರ್ಡ್ ಪಾರ್ಟಿ ಸಾಕು" ಎಂದು ಪಾಲಿಸಿ ಮಾಡಿಸಿಕೊಟ್ಟವರು ಹೇಳಿದ್ದರು. ಎಲ್ಲರೂ ಹೇಳುವ ಮಾತೇ ಅದು. ಬೆಲೆ ಇಳಿದ ಕಾರಿಗೆ ದುಬಾರಿ ಪಾಲಿಸಿ ಯಾಕೆ ಎಂಬುದು ಕೇಳಲು ಸರಿಯಾಗಿಯೇ ಇದೆ. ಆಪರೇಷನ್ ಆದ ಮೇಲೆ ಪರಿಹಾರ ಸಿಗುತ್ತದಾ ಕೇಳೋಣ ಎಂದು ಮಂಜು, ನಾನು, ಚಿಕ್ಕಪ್ಪ ಮೂವರೂ ಒಬ್ಬ ವಕೀಲರ ಹತ್ತಿರ ಹೋದೆವು. ಹಳೇ ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಗೋಡೆಯುದ್ದಕ್ಕೂ ಕೆಂಪು ದಾರ ಕಟ್ಟಿದ ಫೈಲುಗಳು. ಪಾಲಿಸಿ ತೆಗೆದುಕೊಂಡು ಕನ್ನಡಕ ಮೇಲೆತ್ತಿ ಮೊದಲ ಪುಟವನ್ನೇ ಓದಿದರು.

"ಇದು ಬರೀ ಆಕ್ಟ್ ಪಾಲಿಸಿ ಕಣಪ್ಪ, ಥರ್ಡ್ ಪಾರ್ಟಿ ಅಂತೀರಲ್ಲ ಅದೇ. ನಿಮ್ಮ ಕಾರು ದಾರಿಹೋಕರಿಗೆ ಗುದ್ದಿದ್ದರೆ ಕಂಪನಿ ಕೊಡ್ತಿತ್ತು. ಕಾರಿನೊಳಗೆ ಕೂತೋರಿಗೆ ಇದರಲ್ಲಿ ಇಲ್ಲ."

ಮಂಜು, "ಅಮ್ಮ ಓಡಿಸ್ತಿರ್ಲಿಲ್ಲ ಸಾರ್, ಸುಮ್ನೆ ಹಿಂದೆ ಕೂತಿದ್ರು" ಎಂದ.

"ಅದೇ ಹೇಳ್ತಿರೋದು. ಪ್ಯಾಕೇಜ್ ಪಾಲಿಸಿ ಆಗಿದ್ರೆ ಅವರು ಕೇಸ್ ಹಾಕಬಹುದಿತ್ತು. ಆಗಲೂ ನಿನ್ನ ಮೇಲೇ ಹಾಕ್ಬೇಕಿತ್ತು. ಓಡಿಸಿದವನದು ಅಜಾಗರೂಕತೆ ಅಂತ ಬರೆಸ್ಬೇಕು. ಹೆಸರಿಗೆ ನೀನು, ದುಡ್ಡು ಕಂಪನಿದು. ಈಗ ಹಾಕಿದ್ರೆ ಹೆಸರೂ ನಿನ್ನದು, ದುಡ್ಡೂ ನಿನ್ನದು."

ಚಿಕ್ಕಪ್ಪ ತಕ್ಷಣ ಎದ್ದು ನಿಂತರು. "ಮಗನ ಮೇಲೆ ತಾಯಿ ಕೇಸಾ? ನಡೀರಿ ಹೋಗೋಣ." ವಕೀಲರು ಅವರ ಕೈ ಹಿಡಿದು ಕೂರಿಸಿ, ಎಲ್ಲ ಮನೆಯವರೂ ಇದೇ ಮಾತು ಹೇಳುತ್ತಾರೆ ಎಂದರು. ಪಾಲಿಸಿ ಇದ್ದವರೂ ಇದೊಂದು ಕಾರಣಕ್ಕೆ ಕೇಸು ಹಾಕದೆ ಬಿಟ್ಟು, ಸಾಲ ತಂದು ಆಸ್ಪತ್ರೆ ಬಿಲ್ ಕಟ್ಟಿದ್ದನ್ನು ನೋಡಿದ್ದಾರಂತೆ. ಕಾನೂನಿನಲ್ಲಿ ಪೂರ್ತಿ ಪರಿಹಾರ ಸಿಗಬೇಕಾದರೆ ಯಾರದ್ದಾದರೂ ತಪ್ಪು ತೋರಿಸಬೇಕು, ಆ ತಪ್ಪು ಮನೆಯವರದ್ದೇ ಆದಾಗ ಕಾಗದದ ಮೇಲೆ ಅಮ್ಮ ಅರ್ಜಿದಾರಳು, ಮಗ ಎದುರುದಾರ. ಇದರಿಂದ ಮನೆ ಒಡೆಯುವುದಿಲ್ಲ. ಪ್ರೀಮಿಯಂ ಕಟ್ಟಿದ್ದರ ಫಲ ಪೂರ್ತಿಯಾಗಿ ಕೇಳುವ ದಾರಿ ಅದು. ಇದನ್ನು ಮನೆಯ ಹಿರಿಯರಿಗೆ ಮೊದಲೇ, ಏನೂ ಆಗದಿರುವಾಗಲೇ, ಕೂರಿಸಿ ಹೇಳಬೇಕು ಎಂದು ನನಗೆ ಬಹಳ ಅನಿಸುತ್ತದೆ.

ವಕೀಲರು ಹೇಳಿದ್ದನ್ನು ಆಮೇಲೆ ನಾನು ಓದಿ ನೋಡಿದೆ. ಆಕ್ಟ್ ಪಾಲಿಸಿ ಇದ್ದರೆ ಬೈಕಿನ ಹಿಂದೆ ಕೂತವರಿಗೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಖಾಸಗಿ ಕಾರಿನಲ್ಲಿ ಪುಕ್ಕಟೆ ಕೂತವರದ್ದೂ ಅದೇ ಕಥೆ. ಪ್ಯಾಕೇಜ್ ಪಾಲಿಸಿಯಲ್ಲಿ ಮಾತ್ರ ಕಾರಿನೊಳಗಿನವರೂ, ಬೈಕಿನ ಹಿಂಬದಿಯವರೂ ಸೇರುತ್ತಾರೆ ಎಂದು 2009ರ ನವೆಂಬರ್ 16ರಂದು ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎ ಎಲ್ಲ ಕಂಪನಿಗಳಿಗೂ ಸುತ್ತೋಲೆ ಕಳಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಆ ವ್ಯತ್ಯಾಸವನ್ನು ಎತ್ತಿ ಹಿಡಿಯಿತು. ಅಂದರೆ ಹಳೇ ಕಾರಿಗೆ ಪ್ಯಾಕೇಜ್ ಬೇಕಾ ಎಂದು ಯೋಚಿಸುವಾಗ ನಾವು ನೋಡುತ್ತಿರುವುದು ತಪ್ಪು ಬೆಲೆಯನ್ನು. ಹತ್ತು ವರ್ಷದ ಕಾರಿನ ಐಡಿವಿ, ಅಂದರೆ ಸವಕಳಿ ಕಳೆದು ಪಾಲಿಸಿಯಲ್ಲಿ ಬರೆದ ಬೆಲೆ, ಒಂದೂವರೆ ಲಕ್ಷ ಇರಬಹುದು. ಹಿಂದಿನ ಸೀಟಿನಲ್ಲಿ ಕೂತ ಅಮ್ಮನ ವಯಸ್ಸಿಗೆ ಸವಕಳಿ ಹಾಕುವವರು ಯಾರು?

ಹೆಸರು ಒಬ್ಬರದು, ಸ್ಟೀರಿಂಗ್ ಇನ್ನೊಬ್ಬರದು

ನಮ್ಮ ಮನೆಯ ಕಾರಿನ ಆರ್‌ಸಿ ಯಜಮಾನರ ಹೆಸರಿನಲ್ಲಿದೆ. ದಿನಾ ಓಡಿಸುವುದು ನಾನು. ಮಗಳ ಶಾಲೆ, ನನ್ನ ಆಫೀಸು, ಅತ್ತೆಯ ಡಯಾಲಿಸಿಸ್, ತರಕಾರಿ. ಅವರು ಮೆಟ್ರೋದಲ್ಲಿ ಹೋಗುತ್ತಾರೆ. ಬೆಂಗಳೂರಿನಲ್ಲಿ ಇಂಥ ಮನೆಗಳು ಎಷ್ಟಿವೆಯೋ. ಪಾಲಿಸಿಯಲ್ಲಿ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಎಂದು ಒಂದು ಸಾಲು ಇರುತ್ತದೆ. ಮೊದಲು ಅದು 2 ಲಕ್ಷವಿತ್ತು, 2018ರಲ್ಲಿ 15 ಲಕ್ಷ ಮಾಡಿದರು. ಆ ಸಾಲಿನಲ್ಲಿ ಓನರ್-ಡ್ರೈವರ್ ಎಂದು ಬರೆದಿರುತ್ತದೆ. ಆರ್‌ಸಿಯಲ್ಲಿ ಹೆಸರಿದ್ದು, ಅವರ ಹತ್ತಿರ ಚಾಲ್ತಿಯಲ್ಲಿರುವ ಡಿಎಲ್ ಇದ್ದರೆ ಅವರಿಗೆ ಮಾತ್ರ. ನಾನು ಓಡಿಸುವಾಗ ನನಗೆ ಏನಾದರೂ ಆದರೆ ಆ 15 ಲಕ್ಷದಲ್ಲಿ ಒಂದು ಪೈಸೆಯೂ ನನ್ನ ಮಗಳಿಗೆ ಬರುವುದಿಲ್ಲ. ಇದು ತಿಳಿದ ದಿನ ನಾನು ನನ್ನ ಹೆಸರಿನಲ್ಲೇ ಬೇರೆ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಮಾಡಿಸಿದೆ. ಅದು ಕಾರಿನಲ್ಲೂ ಇರುತ್ತದೆ, ಬಸ್ಸಿನಲ್ಲೂ ಇರುತ್ತದೆ, ರಸ್ತೆ ದಾಟುವಾಗಲೂ ಇರುತ್ತದೆ.

ಬೇರೆಯವರ ಗಾಡಿ ಎರವಲು ತಂದು ಓಡಿಸುವವರ ವಿಷಯ ಇನ್ನೂ ಕಷ್ಟ. 2000ದ ಜೂನ್‌ನಲ್ಲಿ ಒಬ್ಬರು ಪರಿಚಯದವರ ಬೈಕ್ ಕೇಳಿ ಪಡೆದು ಇಳಕಲ್‌ನಿಂದ ತಮ್ಮ ಊರು ಗುಡೂರಿಗೆ ಹೊರಟಿದ್ದರು. ಮುಂದೆ ತಗಡಿನ ಹಾಳೆ ಹೇರಿಕೊಂಡು ಹೋಗುತ್ತಿದ್ದ ಎತ್ತಿನಗಾಡಿ ಗಕ್ಕನೆ ನಿಂತಿತು. ಅದಕ್ಕೆ ಗುದ್ದಿ ಅವರು ತೀರಿಕೊಂಡರು. ಹೆಂಡತಿ ಪರಿಹಾರ ಕೇಳಿ ಸುಪ್ರೀಂ ಕೋರ್ಟ್ ತನಕ ಹೋದರು. 2009ರಲ್ಲಿ ಬಂದ ತೀರ್ಪು ಇಂದಿಗೂ ದೇಶದಲ್ಲಿ ಅಪಘಾತ ಪರಿಹಾರದ ಕೇಸು ನೋಡುವ ಟ್ರಿಬ್ಯುನಲ್‌ಗಳಲ್ಲಿ ಓಡುತ್ತಿದೆ. ಗಾಡಿ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಮಾಲೀಕ ತನ್ನ ಗಾಡಿಯ ಮಟ್ಟಿಗೆ ಥರ್ಡ್ ಪಾರ್ಟಿ ಆಗಲಾರ, ಹಾಗಾಗಿ ಯಾರ ತಪ್ಪನ್ನೂ ತೋರಿಸದೆ ಪರಿಹಾರ ಕೇಳಲು ಕಾನೂನಿನಲ್ಲಿ ಆಗ ಇದ್ದ ಕಲಮಿನಡಿ ಅವರ ಮನೆಯವರಿಗೆ ಸಿಗದು ಎಂದು.

ಈಚಿನದು 2014ರ ಜೂನ್ 18ರದ್ದು. ಮಲ್ಲಸಂದ್ರದಿಂದ ಅರಸೀಕೆರೆಗೆ ಕಾರು ಓಡಿಸಿಕೊಂಡು ಹೋಗುತ್ತಿದ್ದ ಒಬ್ಬರು ಅಪಘಾತದಲ್ಲಿ ತೀರಿಕೊಂಡರು. ಕಾರಿನಲ್ಲಿ ಅವರ ತಂದೆ, ಸೋದರಿ, ಸೋದರಿಯ ಮಕ್ಕಳು ಇದ್ದರು. ಹೆಂಡತಿ, ಮಗ, ತಂದೆ ತಾಯಿ ಸೇರಿ 80 ಲಕ್ಷ ಪರಿಹಾರ ಕೇಳಿದರು. ಟೈರು ಸಿಡಿದು ಹೀಗಾಯಿತು ಎಂಬುದು ಮನೆಯವರ ವಾದ. ಅತಿವೇಗದಿಂದ ಎಂಬುದು ಪೊಲೀಸರ ಚಾರ್ಜ್‌ಶೀಟ್. ಓಡಿಸಿದವರದೇ ತಪ್ಪಾದಾಗ ಅವರ ವಾರಸುದಾರರಿಗೆ ಪರಿಹಾರ ಇಲ್ಲ ಎಂದು ನಮ್ಮ ಹೈಕೋರ್ಟ್ ಹೇಳಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಲು ಒಪ್ಪಲಿಲ್ಲ. ಹನ್ನೊಂದು ವರ್ಷ ಕೋರ್ಟು ಅಲೆದು ಬರಿಗೈ. ದುಡಿಯುವ ಒಬ್ಬ ಮನುಷ್ಯ ಹೋದ ಮನೆಯ ಸ್ಥಿತಿ ನೆನೆದರೆ ಹೊಟ್ಟೆ ಹಿಂಡುತ್ತದೆ. ಕಾನೂನಿನ ತರ್ಕ ನನಗೆ ಅರ್ಥವಾಗುತ್ತದೆ. ಆದರೆ ಆ ತರ್ಕ ಇಷ್ಟು ಹಳೆಯದಾಗಿದ್ದರೂ ಪಾಲಿಸಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ "ಓಡಿಸುವವರಿಗೆ ಇದರಲ್ಲಿ ಇಷ್ಟೇ" ಎಂದು ಕನ್ನಡದಲ್ಲಿ ಏಕೆ ಬರೆಯುವುದಿಲ್ಲ? ಬರೆಯಲೇಬೇಕು.

ಊರ ಕಡೆ ಪಕ್ಕದ ಮನೆಯವರು ಕೇಳಿದರೆ ಕಾರು ಕೊಡದೆ ಇರಲಾಗುವುದಿಲ್ಲ. ಕೊಡಲಿ. ಡಿಎಲ್ ನೋಡಿ ಕೊಡಲಿ. ಡೀಸೆಲ್ ಹಾಕಿಸಿದ್ದು ಬೇರೆ, ಬಾಡಿಗೆ ಎಂದು ದುಡ್ಡು ಪಡೆದದ್ದು ಬೇರೆ. ವೈಟ್ ಬೋರ್ಡ್ ಕಾರು ಬಾಡಿಗೆಗೆ ಹೋಗಿತ್ತು ಎಂದು ಗೊತ್ತಾದರೆ ಕಂಪನಿ ಕ್ಲೇಮ್ ತಳ್ಳಿಹಾಕುತ್ತದೆ. ಸಂಬಳ ಕೊಟ್ಟು ಡ್ರೈವರ್ ಇಟ್ಟುಕೊಂಡವರು ವರ್ಷಕ್ಕೆ ಐವತ್ತು ರೂಪಾಯಿ ಜಾಸ್ತಿ ಕಟ್ಟಿ ಅವರನ್ನೂ ಪಾಲಿಸಿಯಲ್ಲಿ ಸೇರಿಸಬೇಕು. ಐವತ್ತೇ ರೂಪಾಯಿ. ಮಳೆ ಬಿಸಿಲೆನ್ನದೆ ನಮ್ಮನ್ನು ಹೊತ್ತು ತಿರುಗುವವರಿಗೆ ಅಷ್ಟೂ ಮಾಡದಿರುವುದು ಅನ್ಯಾಯ.

ಅಪ್ಪ ಹೋದ ಮೇಲೆ

ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನನ್ನ ಬಳಗದಲ್ಲೇ ಹಲವು ಮನೆಗಳಲ್ಲಿ ಕಾರು ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿದೆ. ಜಮೀನಿನ ಪೌತಿ ಖಾತೆಗೆ ತಾಲ್ಲೂಕು ಕಚೇರಿಗೆ ಅಲೆಯುತ್ತೇವೆ, ಬ್ಯಾಂಕ್ ಖಾತೆ ಸರಿ ಮಾಡಿಸುತ್ತೇವೆ. ಕಾರು ಹಾಗೇ ಉಳಿಯುತ್ತದೆ. ಅಪ್ಪನ ಹೆಸರಿನಲ್ಲೇ ಇರಲಿ ಎಂಬ ಭಾವನೆಯೂ ಇರುತ್ತದೆ, ಅದು ನನಗೂ ಗೊತ್ತು. ಆದರೆ ಪಾಲಿಸಿದಾರರು ತೀರಿಕೊಂಡರೆ ಪಾಲಿಸಿ ಮೂರು ತಿಂಗಳು, ಅಥವಾ ಅದರ ಅವಧಿ ಮುಗಿಯುವ ತನಕ, ಯಾವುದು ಮೊದಲೋ ಅಲ್ಲಿಯ ತನಕ ಮಾತ್ರ ಬದುಕಿರುತ್ತದೆ. ಅಷ್ಟರೊಳಗೆ ವಾರಸುದಾರರು ಮರಣ ಪ್ರಮಾಣಪತ್ರ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೂ ಆನ್‌ಲೈನಿನಲ್ಲಿ ಅಪ್ಪನ ಹೆಸರಿಗೇ ರಿನ್ಯೂ ಆಗುತ್ತಾ ಹೋಗುತ್ತದೆ. ದುಡ್ಡು ತೆಗೆದುಕೊಳ್ಳುವಾಗ ಯಾರೂ ಕೇಳುವುದಿಲ್ಲ, ಕ್ಲೇಮ್ ಬಂದಾಗ ಮಾತ್ರ ಕೇಳುತ್ತಾರೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೂ ಇದೇ ಎಚ್ಚರ ಬೇಕು. ಥರ್ಡ್ ಪಾರ್ಟಿ ಭಾಗ ಕಾರಿನ ಜೊತೆ ತಾನೇ ಬರುತ್ತದೆ. ಸ್ವಂತ ಹಾನಿಯ ಭಾಗಕ್ಕೆ ಕೊಂಡ 14 ದಿನದೊಳಗೆ ಕಂಪನಿಗೆ ಬರೆದು ಹೆಸರು ಬದಲಿಸಿಕೊಳ್ಳಬೇಕು.

ತಕರಾರು ಬಂದರೆ

ಅಪಘಾತವಾದ ಕೂಡಲೇ ಕಂಪನಿಗೆ ತಿಳಿಸಿ, ಗಾಡಿ ಸರಿಸುವ ಮುಂಚೆ ಫೋಟೋ ತೆಗೆಯಿರಿ. ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸ್ ದೂರು ಬೇಕೇ ಬೇಕು. ಅಲ್ಲೇ ರಾಜಿ ಮಾಡಿಕೊಳ್ಳೋಣ ಎಂದರೆ ನಾಳೆ ಕೈಯಲ್ಲಿ ಕಾಗದವೇ ಇರುವುದಿಲ್ಲ. 2024ರ ನಿಯಮದಂತೆ ಸರ್ವೇಯರ್ 15 ದಿನದಲ್ಲಿ ವರದಿ ಕೊಡಬೇಕು, ಕಂಪನಿ ಆಮೇಲೆ 7 ದಿನದಲ್ಲಿ ತೀರ್ಮಾನ ಹೇಳಬೇಕು. ತಳ್ಳಿಹಾಕಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೊದಲು ಕಂಪನಿಗೇ ದೂರು ಬರೆಯಿರಿ. ತಿಂಗಳಾದರೂ ಸರಿಯಾಗದಿದ್ದರೆ ಇಂಥ ದೂರು ಬಗೆಹರಿಸಲೆಂದೇ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಫೀಸಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಬಹಳ ಜನ ಏಜೆಂಟ್ ಫೋನ್ ಎತ್ತಲಿಲ್ಲ ಎಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ, ಬಿಡಬೇಡಿ.

ಮಂಜು ಈಗ ಬೇರೆ ಕಾರು ತೆಗೆದುಕೊಂಡಿದ್ದಾನೆ. ಪ್ಯಾಕೇಜ್ ಪಾಲಿಸಿ ಮಾಡಿಸಿದ್ದಾನೆ. ಕೆಲವು ನೂರು ರೂಪಾಯಿ ಜಾಸ್ತಿ ಕೊಟ್ಟು ಕೂತವರಿಗೆಲ್ಲ ತಲಾ 2 ಲಕ್ಷದ ಆಕ್ಸಿಡೆಂಟ್ ಕವರ್ ಕೂಡ ಸೇರಿಸಿದ್ದಾನೆ. ಮೊನ್ನೆ ನನಗೆ ಫೋನ್ ಮಾಡಿ, "ಅಕ್ಕಾ, ಈಗ ಅಮ್ಮಂಗೆ ಹಾಗೆ ಆದ್ರೆ ಇದ್ರಲ್ಲಿ ಆಸ್ಪತ್ರೆ ಬಿಲ್ ಬರುತ್ತಲ್ವಾ?" ಎಂದು ಕೇಳಿದ. ಬರುವುದಿಲ್ಲ. ಆ ಕವರ್ ಸಾವಿಗೆ, ಕೈಕಾಲು ಕಣ್ಣು ಹೋದರೆ, ಶಾಶ್ವತವಾಗಿ ಕೆಲಸಕ್ಕೆ ಆಗದಂತಾದರೆ ಮಾತ್ರ. ಮುರಿದ ಮೂಳೆಗೆ ಅದರಲ್ಲಿ ಏನೂ ಇಲ್ಲ. ಮೂಳೆಗೆ ಮುಖ್ಯವಾಗಿ ಎರಡು ದಾರಿ. ಒಂದು, ಅಮ್ಮ ಮಗನ ತಪ್ಪೆಂದು ಟ್ರಿಬ್ಯುನಲ್‌ಗೆ ಹೋಗುವುದು. ಇನ್ನೊಂದು, ಅಮ್ಮನ ಹೆಸರಿನಲ್ಲಿ ಹೆಲ್ತ್ ಇನ್ಶೂರೆನ್ಸ್ ಇರುವುದು. ಎರಡನೆಯದಕ್ಕೆ ಚಿಕ್ಕಪ್ಪ ಕೂಡ ಒಪ್ಪಿದರು. ಚಿಕ್ಕಮ್ಮನ ವಯಸ್ಸಿಗೆ, ಕಾಲಿನ ರಾಡಿಗೆ ಯಾವ ಕಂಪನಿ ಎಷ್ಟು ಕೇಳುತ್ತದೆ ಎಂದು ನಾನೂ ಮಂಜುವೂ ಈಗ ವಿಚಾರಿಸುತ್ತಿದ್ದೇವೆ.